ವಿಮಾನಕ್ಕಿಂತ ಕ್ರೂಸರೇ ತುಟ್ಟಿ!

ಹೋದ ಸಂಚಿಕೆಯಲ್ಲಿ ನಿಮಗೊಂದು ಪ್ರಶ್ನೆ ಕೇಳಿದ್ದೆ. ಊರಿಂದ ಏರ್‌ಪೋರ್ಟ್‌ಗೆ ಹೋಗಿಬರುವ ಖರ್ಚನ್ನು ಹೇಗೆ ಉಳಿಸುತ್ತೀರಿ ಅಂತ. ನಿಮ್ಮಿಂದ ಉತ್ತರ ಬರುತ್ತದೆ, ಈ ಸಲ ನನ್ನ ಕೆಲಸ ಹಗುರ ಅಂದುಕೊಂಡಿದ್ದೆ. ಬಂದದ್ದೆಲ್ಲ ವಾಪಸ್ ಪ್ರಶ್ನೆಗಳೇ! ಅದರಲ್ಲೂ ಮುಕ್ಕಾಲು ಪಾಲು ಹೈದರಾಬಾದಿನ ಮೇಲೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮಂದಿಗೆ ವಿಮಾನ ಅಂದರೆ ಈಗಲೂ ಹೈದರಾಬಾದಿನ ಏರ್‌ಪೋರ್ಟ್ ಇರುವ ಶಂಶಾಬಾದೇ ಅಲ್ವಾ.

ಪ್ರಶ್ನೆ: ಮಗ ದುಬೈಗೆ ಕೆಲಸಕ್ಕೆ ಹೊರಟಿದ್ದಾನೆ. ಹೈದರಾಬಾದಿನಿಂದ ಬೆಳಗಿನ ಜಾವ 4 ಗಂಟೆಗೆ ವಿಮಾನ. ಬಾಡಿಗೆ ಕ್ರೂಸರ್ ಜೀಪಿನವರು ಹೋಗಿಬರಲು 7,500 ರೂಪಾಯಿ ಕೇಳುತ್ತಿದ್ದಾರೆ. ಬಸ್ಸಿಗೆ ಹೋಗೋಣ ಅಂದರೆ ಲಗೇಜ್ ಹೇಗೆ ಅಂತ ಮನೆಯವಳು ಕೇಳುತ್ತಾಳೆ. ಮೇಲಾಗಿ ಮನೆಮಂದಿಯೆಲ್ಲ ಕಳಿಸಲು ಬರುತ್ತೇವೆ ಅಂತಾರೆ. ಏನು ಮಾಡಲಿ?
– ಒಬ್ಬ ತಂದೆ, ಭಾಲ್ಕಿ

ಉತ್ತರ: ಕಾಕಾ, ಲಗೇಜಿನ ಮಾತು ಆಮೇಲೆ. ಮೊದಲು ಮನೆಮಂದಿಯ ಮಾತು ಮುಗಿಸೋಣ. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಜವಾನರು ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡಿ ಹುಡುಗನನ್ನು ಒಳಗೆ ಕಳಿಸಿದರೆ ಮುಗಿಯಿತು. ಅಲ್ಲಿಗೆ ನಿಮಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ಏಳೂವರೆ ಸಾವಿರ.

ಇದನ್ನು ನಾನು ಬುದ್ಧಿವಂತಿಕೆಯಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಅಕ್ಕನ ಮಗ ಹೋಗುವಾಗ ಹನ್ನೊಂದು ಜನ ಒಂದೇ ಕ್ರೂಸರ್‌ನಲ್ಲಿ ತುಂಬಿಕೊಂಡು ಹೋಗಿದ್ದೆವು. ದಾರಿಯುದ್ದಕ್ಕೂ ಅವನಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ಗೇಟಿನ ಹತ್ತಿರ ಗಡಿಬಿಡಿ, ಫೋಟೋ, ಅಳು. ಅವನು ಒಳಗೆ ಹೋದ ಮೇಲೆ ನೋಡಿದರೆ ಖಡಕ್ ರೊಟ್ಟಿಯ ಗಂಟು ಅಕ್ಕನ ಕೈಯಲ್ಲೇ ಉಳಿದಿತ್ತು! ಆಕೆ ಅದನ್ನು ಎತ್ತಿ ಎತ್ತಿ ಗಾಜಿನಾಚೆಗೆ ತೋರಿಸುತ್ತಾಳೆ, ಅವನು ಆ ಕಡೆಯಿಂದ ಟಾಟಾ ಮಾಡುತ್ತಾನೆ. ಕೊನೆಗೆ ಆ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಜಹೀರಾಬಾದ್ ಹತ್ತಿರ ರಸ್ತೆ ಬದಿಗೆ ಗಾಡಿ ನಿಲ್ಲಿಸಿ ನಾವೇ ತಿಂದೆವು. ಹಾಗಾಗಿ ಅಳೋದು, ಹರಸೋದು, ಬುತ್ತಿ ಕೊಡೋದು ಎಲ್ಲ ಭಾಲ್ಕಿ ಮನೆಯಲ್ಲೇ ಮುಗಿಸಿಕೊಳ್ಳಿ. ಮಗನ ಜೊತೆ ನೀವೊಬ್ಬರು ಹೋದರೆ ಸಾಕು.

ಈಗ ಬಸ್ಸು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ. ನಮ್ಮವರು ಮಾಡುವ ತಪ್ಪು ಒಂದೇ. ಹೈದರಾಬಾದ್ ಅಂದ ಕೂಡಲೇ ಇಮ್ಲಿಬನ್‌ಗೆ, ಅಂದರೆ ದೊಡ್ಡ ಬಸ್ ಸ್ಟ್ಯಾಂಡಿಗೇ ಟಿಕೆಟ್ ತೆಗೆಯುತ್ತಾರೆ. ಬಸ್ಸು ಪಟಾನ್‌ಚೆರು ದಾಟಿದ ಮೇಲೆ ಊರೊಳಗಿನ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಹೋಗುತ್ತದೆ. ಅಲ್ಲಿ ಇಳಿದು, ಗಾಬರಿಯಾಗಿ, ಕೇಳಿದಷ್ಟು ಕೊಟ್ಟು ಕಾರು ಹತ್ತುತ್ತಾರೆ. ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಲಿಂಗಂಪಲ್ಲಿ ಅಥವಾ ಮಿಯಾಪುರದಲ್ಲೇ ಇಳಿಯಿರಿ. ಆ ಕಡೆಯಿಂದ ತೆಲಂಗಾಣ ಸಾರಿಗೆಯ ಪುಷ್ಪಕ್ ಬಸ್ಸುಗಳು ಏರ್‌ಪೋರ್ಟ್‌ಗೆ ಹೋಗುತ್ತವೆ. ಎಸಿ ಬಸ್ಸು, ಟರ್ಮಿನಲ್ ಹತ್ತಿರವೇ ಇಳಿಸುತ್ತದೆ. ಸಿಟಿ ಬಸ್ಸಿಗಿಂತ ಟಿಕೆಟ್ ಜಾಸ್ತಿ, ಹೌದು. ಆದರೆ ಕ್ಯಾಬಿನ ಮುಂದೆ ಅದು ಏನೂ ಅಲ್ಲ. ಹತ್ತುವಾಗಲೇ ಕಂಡಕ್ಟರಿಗೆ 'ಏರ್‌ಪೋರ್ಟ್ ಬಸ್ ಸಿಗುವಲ್ಲಿ ಇಳಿಸ್ರಿ' ಅಂತ ಹೇಳಿಡಿ, ಬೀದರ್ ಡಿಪೋದವರಿಗೆ ಇದು ದಿನದ ಮಾತು.

ಹೊತ್ತಿನ ಲೆಕ್ಕ ಮಾತ್ರ ಸರಿಯಾಗಿರಲಿ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಇರಬೇಕು, ಅಂದರೆ ರಾತ್ರಿ 1ಕ್ಕೆ. ರಾತ್ರಿ ಬೆಳೆದಷ್ಟೂ ಪುಷ್ಪಕ್ ವಿರಳ. ಹಾಗಾಗಿ ಸಂಜೆ 5ರೊಳಗೆ ಬೀದರ್ ಬಿಟ್ಟುಬಿಡಿ. ಅಲ್ಲಿ ಹೋಗಿ ಮೂರು ತಾಸು ಸುಮ್ನೆ ಕೂತರೂ ನಷ್ಟವಿಲ್ಲ.

ಲಗೇಜ್ ಅಂದಿರಿ. ನಮ್ಮ ಸಾರಿಗೆ ಬಸ್ಸಿನಲ್ಲಿ ಒಬ್ಬರಿಗೆ 30 ಕಿಲೋವರೆಗೆ ಉಚಿತ. ಎರಡು ಸೂಟ್‌ಕೇಸ್, ಇಬ್ಬರು ಮನುಷ್ಯರು. ಸರಿಹೋಯಿತಲ್ಲ!

ಇನ್ನೊಂದು ಮಾತು, ಕಾರು ಯಾವಾಗಲೂ ದಂಡ ಅಂತ ನಾನು ಹೇಳುವುದಿಲ್ಲ. ನಾಲ್ಕು ಜನ ವಿಮಾನ ಹತ್ತುವವರೇ ಇದ್ದರೆ ಲೆಕ್ಕ ಬದಲಾಗುತ್ತದೆ. ಆದರೆ ಬಾಡಿಗೆ ಮಾತಾಡುವಾಗ ಟೋಲ್, ಪಾರ್ಕಿಂಗ್, ಡ್ರೈವರ್ ಬತ್ತಾ, ತೆಲಂಗಾಣದ ಪರ್ಮಿಟ್ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಬಾಯಿ ಬಿಡಿಸಿ. ಒಬ್ಬ ಮಹಾನುಭಾವ ನನ್ನ ಹತ್ತಿರ ಕಿಲೋಮೀಟರಿಗೆ 12 ರೂಪಾಯಿ ಅಂತ ಹೇಳಿ, ಖಾಲಿ ವಾಪಸ್ ಬರುವ ದಾರಿಯನ್ನೂ ಸೇರಿಸಿ ಎರಡರಷ್ಟು ವಸೂಲಿ ಮಾಡಿದ. ಕೇಳದೇ ಹತ್ತಿದ್ದು ನನ್ನದೇ ತಪ್ಪು ಬಿಡಿ.

ಪ್ರಶ್ನೆ: ನಾನು, ನನ್ನ ತಂಗಿ ಹೈದರಾಬಾದಿನಿಂದ ದೆಹಲಿ ವಿಮಾನ ಹತ್ತಬೇಕು. ಕಲಬುರಗಿ–ಹೈದರಾಬಾದ್ ಬಸ್ಸಿನಲ್ಲಿ ನಮ್ಮ ರಾಜ್ಯದ ಗಡಿಯವರೆಗಾದರೂ ಶಕ್ತಿ ಯೋಜನೆ ನಡೆಯಬೇಕಲ್ವಾ? ಕಂಡಕ್ಟರ್ ಒಪ್ಪಲಿಲ್ಲ. ತೆಲಂಗಾಣದಲ್ಲೂ ಹೆಣ್ಣುಮಕ್ಕಳಿಗೆ ಫ್ರೀ ಇದೆಯಂತೆ. ಎರಡೂ ಸೇರಿಸಿದರೆ ಪೂರ್ತಿ ಪುಕ್ಕಟೆ ಆಗಬೇಕಿತ್ತು!
– ಒಬ್ಬ ಶಿಕ್ಷಕಿ, ಕಲಬುರಗಿ

ಉತ್ತರ: ಟೀಚರ್, ನಿಮ್ಮ ಗಣಿತ ಸರಿ. ಕಂಡಕ್ಟರ್ ಹೇಳಿದ್ದೂ ಸರಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಲೇ ಇದನ್ನು ಹೇಳಿದ್ದರು: ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ಉಚಿತ ಇಲ್ಲ, ನೀವು ಗಡಿಯ ಈಚೆಗೇ ಇಳಿದರೂ ಇಲ್ಲ. ಎಸಿ, ಸ್ಲೀಪರ್, ರಾಜಹಂಸ ಇವೂ ಇಲ್ಲ. ಇನ್ನು ತೆಲಂಗಾಣದ ಮಹಾಲಕ್ಷ್ಮಿ ಯೋಜನೆ 2023ರ ಡಿಸೆಂಬರ್ 9ರಿಂದ ಇದೆ. ಆದರೆ ಅದು ಆ ರಾಜ್ಯದ ಹೆಣ್ಣುಮಕ್ಕಳಿಗೆ. ಅಲ್ಲಿನ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಆಧಾರ್‌ನಲ್ಲಿ ಕಲಬುರಗಿ ಅಂತಿದ್ದರೆ ಟಿಕೆಟ್ ತೆಗೆಯಲೇಬೇಕು. ಪುಷ್ಪಕ್ ಬಸ್ಸಿಗೆ ಅಲ್ಲಿಯವರೂ ದುಡ್ಡು ಕೊಡುತ್ತಾರೆ.

ಆದರೂ ಒಂದು ದಾರಿ ಇದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಸಾಮಾನ್ಯ ಬಸ್ಸು ಹತ್ತಿ. ಅದು ರಾಜ್ಯದೊಳಗಿನದು, ಶೂನ್ಯ ಟಿಕೆಟ್ ಸಿಗುತ್ತದೆ. ಹುಮನಾಬಾದ್ ಇರುವುದು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ, ಆ ಕಡೆಯಿಂದ ಬರುವ ಬಸ್ಸು ಹಿಡಿದು ಅಲ್ಲಿಂದ ಮುಂದಕ್ಕಷ್ಟೇ ಟಿಕೆಟ್ ತೆಗೆಯಿರಿ. ಸುಮಾರು 60 ಕಿಲೋಮೀಟರಿನ ದುಡ್ಡು ಉಳಿಯಿತು, ಇಬ್ಬರಿಗೆ ಎರಡರಷ್ಟು. ಹಗಲು ಹೊತ್ತು, ಕೈಯಲ್ಲೊಂದು ಬ್ಯಾಗ್, ಸಂಜೆ ವಿಮಾನ ಅಂದರೆ ಇದು ಚೆನ್ನ. ರಾತ್ರಿ ಹೊತ್ತಿಗೆ, ಎರಡೆರಡು ಸೂಟ್‌ಕೇಸ್ ಇಟ್ಟುಕೊಂಡು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಸೀಟು ಸಿಗುವ ಬಸ್ಸಿಗೆ ಕಾಯುತ್ತಾ ನಿಲ್ಲುವುದು ನನಗಂತೂ ಸರಿ ಕಾಣುವುದಿಲ್ಲ. ನೇರ ಬಸ್ಸಿಗೆ ರಿಸರ್ವೇಶನ್ ಮಾಡಿಸಿ ಮಲಗಿಬಿಡಿ.

ರೈಲೂ ನೋಡಿ. ಕಲಬುರಗಿಯಿಂದ ವಾಡಿ, ತಾಂಡೂರು, ವಿಕಾರಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ರೈಲುಗಳಿವೆ. ಲಿಂಗಂಪಲ್ಲಿಯಲ್ಲಿ ನಿಲ್ಲುವ ರೈಲಾದರೆ ಊರೊಳಗಿನ ನಾಂಪಲ್ಲಿ ಸ್ಟೇಷನ್ನಿನವರೆಗೆ ಹೋಗದೆ ಅಲ್ಲೇ ಇಳಿಯಿರಿ. ಮೇಲೆ ಕಾಕಾ ಅವರಿಗೆ ಹೇಳಿದ್ದೇ ನಿಮಗೂ. ಮೆಟ್ರೋ ಇದೆಯಲ್ಲ ಅಂತ ಇನ್ನೂ ಇಬ್ಬರು ಕೇಳಿದ್ದಾರೆ. ಮಿಯಾಪುರ–ಎಲ್‌ಬಿ ನಗರ ಮೆಟ್ರೋ ಊರೊಳಗೆ ಓಡಾಡಲು ಬೇಕಾದಷ್ಟಾಯಿತು, ಏರ್‌ಪೋರ್ಟ್‌ವರೆಗೆ ಹೋಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಿಂದ ವಿಮಾನ ಇತ್ತು. ಯಾದಗಿರಿಯಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಕ್ಯಾಬ್ ಮಾಡಿದೆ. ರೈಲಿನ ಸ್ಲೀಪರ್ ಟಿಕೆಟ್‌ಗಿಂತ ಕ್ಯಾಬಿಗೇ ಜಾಸ್ತಿ ಹೋಯಿತು. ನಾನೇನು ತಪ್ಪು ಮಾಡಿದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಯಾದಗಿರಿ

ಉತ್ತರ: ತಮ್ಮಾ, ನೀನು ಏರ್‌ಪೋರ್ಟ್ ಕಡೆಯಿಂದಲೇ ಬಂದು, ಅದನ್ನು ದಾಟಿ ಊರೊಳಗೆ ಹೋಗಿ, ಮತ್ತೆ ದುಡ್ಡು ಕೊಟ್ಟು ಅದೇ ಕಡೆಗೆ ವಾಪಸ್ ಬಂದಿದ್ದೀಯ. ದೇವನಹಳ್ಳಿ ಏರ್‌ಪೋರ್ಟ್ ಇರುವುದು ಬೆಂಗಳೂರಿನ ಉತ್ತರಕ್ಕೆ. ನಮ್ಮ ಕಡೆಯ ರೈಲುಗಳು ಹಿಂದೂಪುರ, ದೊಡ್ಡಬಳ್ಳಾಪುರ, ಯಲಹಂಕದ ಮೇಲೆಯೇ ಊರೊಳಗೆ ಹೋಗುತ್ತವೆ. ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್ ಸುಮಾರು 35 ಕಿ.ಮೀ., ಯಲಹಂಕದಿಂದ ಅದರರ್ಧ. ಹಾಗಾಗಿ ಟಿಕೆಟ್ ತೆಗೆಯುವಾಗಲೇ ಯಲಹಂಕದಲ್ಲಿ ನಿಲ್ಲುವ ರೈಲು ನೋಡು. ಸ್ಟೇಷನ್ನಿನಿಂದ ಆಟೋದಲ್ಲಿ ಕೋಗಿಲು ಕ್ರಾಸ್‌ಗೆ ಬಂದರೆ ಮೆಜೆಸ್ಟಿಕ್ ಕಡೆಯಿಂದ ಬರುವ ಬಿಎಂಟಿಸಿಯ ವಾಯುವಜ್ರ ಬಸ್ಸು ಸಿಗುತ್ತದೆ. ಕಲಬುರಗಿಯಿಂದ ಹೊರಡುವ ವಂದೇ ಭಾರತ್ ಕೂಡ ಯಲಹಂಕದಲ್ಲಿ ನಿಲ್ಲುತ್ತದೆ. ಅದು 2024ರ ಮಾರ್ಚ್‌ನಿಂದ ಇದೆ, ಆದರೆ ದುಡ್ಡು ಉಳಿಸುವವರ ರೈಲಲ್ಲ ಅದು.

ಮೆಜೆಸ್ಟಿಕ್‌ನಲ್ಲೇ ಇಳಿದೆ ಅಂತಿಟ್ಟುಕೋ. ಆಗಲೂ ಕ್ಯಾಬ್ ಬೇಡ. ಸ್ಟೇಷನ್ ಎದುರಿನ ಬಿಎಂಟಿಸಿ ಬಸ್ ನಿಲ್ದಾಣದಿಂದ ಕೆಐಎ 9 ನಂಬರಿನ ಬಸ್ಸು ಸಿಗುತ್ತದೆ. ಹೆಣ್ಣುಮಕ್ಕಳು ಗಮನಿಸಿ, ವಾಯುವಜ್ರಕ್ಕೆ ಶಕ್ತಿ ಯೋಜನೆ ಇಲ್ಲ. ಇನ್ನೂ ಅಗ್ಗದ್ದು ಬೇಕೆಂದರೆ ಏರ್‌ಪೋರ್ಟ್ ಹತ್ತಿರವೇ 2021ರ ಜನವರಿಯಿಂದ ಒಂದು ಹಾಲ್ಟ್ ಸ್ಟೇಷನ್ ಇದೆ. ಲೋಕಲ್ ರೈಲಿನಲ್ಲಿ ಚಹಾ, ಬಿಸ್ಕತ್ತಿನ ದುಡ್ಡಿಗೆ ಹೋಗಬಹುದು. ತೊಂದರೆ ಒಂದೇ, ದಿನಕ್ಕೆ ಬರುವುದೇ ಕೆಲವು ರೈಲು. ನಿನ್ನ ಹೊತ್ತಿಗೆ ಸರಿಹೊಂದಿದರೆ ಅದೃಷ್ಟ.

ಅಂದಹಾಗೆ ಯಾದಗಿರಿಯವರಿಗೆ ಶಂಶಾಬಾದೇ ಹತ್ತಿರ. ಮಹಬೂಬ್‌ನಗರದ ಮೇಲೆ ಹೋಗುವ ಹೈದರಾಬಾದ್ ಬಸ್ಸು ಸಿಕ್ಕರೆ ಅದು ಊರು ಸೇರುವ ಮೊದಲೇ ಶಂಶಾಬಾದ್ ದಾಟುತ್ತದೆ. ಅಲ್ಲೇ ಇಳಿ. ಏರ್‌ಪೋರ್ಟ್ ಅಲ್ಲಿಂದ ಆಟೋ ದೂರ. ರಾಯಚೂರಿನವರು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ, ನಮಗೇ ತಡವಾಗಿ ಹೊಳೆಯಿತು.

ಪ್ರಶ್ನೆ: ನಮ್ಮ ಕಲಬುರಗಿ ಏರ್‌ಪೋರ್ಟ್‌ಗೆ ಬಸ್ಸಿನಲ್ಲಿ ಹೋಗಬಹುದಾ?
– ಸೇಡಂ ರಸ್ತೆ ನಿವಾಸಿ

ಉತ್ತರ: ಊರಿಂದ ಸುಮಾರು 14 ಕಿ.ಮೀ., ಶ್ರೀನಿವಾಸ ಸರಡಗಿ ಹತ್ತಿರ, ನಿಮ್ಮದೇ ರಸ್ತೆ. ಸೇಡಂ ಕಡೆಯ ಬಸ್ಸು ಆ ದಾರಿಯಲ್ಲೇ ಹೋಗುತ್ತದೆ. ಹತ್ತುವಾಗಲೇ ಕೇಳಿ, ಎಕ್ಸ್‌ಪ್ರೆಸ್ ನಿಲ್ಲಿಸುವುದಿಲ್ಲ. ಆದರೆ ಮೊದಲು ಆ ವಾರ ವಿಮಾನ ಇದೆಯಾ ಅಂತ ನೋಡಿಕೊಳ್ಳಿ! 2019ರ ನವೆಂಬರ್ 22ಕ್ಕೆ ಶುರುವಾದಾಗ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ ಗೇಟಿನ ಹೊರಗೆ ನಿಂತು ನೋಡಿಬಂದಿದ್ದೆವು. ಆಮೇಲೆ ವಿಮಾನಗಳು ಬಂದವು, ಹೋದವು. ಬೀದರಿನದೂ ಹಾಗೇ, 2020ರ ಫೆಬ್ರುವರಿಯಲ್ಲಿ ಶುರುವಾಯಿತು, ಆಮೇಲೆ ನಿಲ್ಲೋದು, ಮತ್ತೆ ಶುರುವಾಗೋದು ನಡೆದೇ ಇದೆ.

ಪ್ರಶ್ನೆ: ಹೋಗುವಾಗ ನೀವು ಹೇಳಿದ ಹಾಗೆ ಲಿಂಗಂಪಲ್ಲಿಯಲ್ಲಿ ಇಳಿದು ಹೋದೆ, ಸುಖವಾಯಿತು. ಬರುವಾಗ ಅಲ್ಲೇ ಬಂದು ಬೀದರ್ ಬಸ್ಸಿಗೆ ನಿಂತರೆ ಮೂರು ಬಸ್ಸು ತುಂಬಿ ಹೋದವು. ನಾಲ್ಕನೆಯದರಲ್ಲಿ ಜಹೀರಾಬಾದ್‌ವರೆಗೆ ನಿಂತೇ ಬಂದೆ.
– ಅಂಗಡಿ ಮಾಲೀಕರು, ಬೀದರ್

ಉತ್ತರ: ಅಣ್ಣಾ, ಇದು ನನ್ನ ತಪ್ಪು. ಹಿಂದೆ ಬರೆದಾಗ ಹೋಗುವ ದಾರಿಯಷ್ಟೇ ಹೇಳಿದ್ದೆ. ನಡುವೆ ಇಳಿಯುವುದು ಸುಲಭ, ನಡುವೆ ಹತ್ತಿ ಸೀಟು ಸಿಗುವುದು ಕಷ್ಟ. ಅದರಲ್ಲೂ ಶನಿವಾರ ಸಂಜೆ, ಹಬ್ಬದ ಹಿಂದಿನ ದಿನ ಕೇಳಲೇಬೇಡಿ. ಬರುವಾಗ ಎರಡು ದಾರಿ. ಒಂದು, ಆನ್‌ಲೈನ್‌ನಲ್ಲಿ ಸೀಟು ಕಾಯ್ದಿರಿಸಿ, ಹತ್ತುವ ಜಾಗ ಮಿಯಾಪುರದ ಕಡೆಯದನ್ನು ಆರಿಸಿ. ವಿಮಾನ ತಡವಾದರೆ ಆ ದುಡ್ಡು ಹೋಯಿತು ಅನ್ನೋದೂ ತಲೆಯಲ್ಲಿರಲಿ, ಹಾಗಾಗಿ ವಿಮಾನ ಇಳಿಯುವ ಹೊತ್ತಿಗೂ ಬಸ್ಸಿಗೂ ನಡುವೆ ಮೂರು ತಾಸಾದರೂ ಬಿಡಿ. ಎರಡು, ಲಗೇಜ್ ಜಾಸ್ತಿ ಇದ್ದರೆ ಆಗ ಇಮ್ಲಿಬನ್‌ಗೇ ಹೋಗಿ, ಖಾಲಿ ಬಸ್ಸು ಬಂದು ನಿಲ್ಲುವಲ್ಲಿ ಹತ್ತಿ, ಕಿಟಕಿ ಪಕ್ಕ ಕೂತು ಬನ್ನಿ. ನಿಮಗೆ 60 ದಾಟಿದೆ ಅಂತ ಪತ್ರದಲ್ಲಿ ಬರೆದಿದ್ದೀರಿ. ನಮ್ಮ ಸಾರಿಗೆ ಬಸ್ಸಿನಲ್ಲಿ ರಾಜ್ಯದೊಳಗೆ ಹಿರಿಯರಿಗೆ ನೂರಕ್ಕೆ 25 ರಿಯಾಯಿತಿ ಇದೆ, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಳ್ಳಿ. ರೈಲಿನಲ್ಲಿ ಇದ್ದ ರಿಯಾಯಿತಿ 2020ರಲ್ಲೇ ಹೋಯಿತು, ಅದನ್ನು ಕೌಂಟರಿನಲ್ಲಿ ಕೇಳಿ ಜಗಳ ಮಾಡಬೇಡಿ.