ಮುಂಬೈಯಲ್ಲಿ ಕುದುರೆಗೆ ಇಷ್ಟು ಜಾಗ ಯಾಕೆ?

ಪ್ರಶ್ನೆ: ಮಹಾಲಕ್ಷ್ಮಿ ಸ್ಟೇಷನ್ ಸೇತುವೆ ಮೇಲೆ ನಿಂತರೆ ಒಂದು ಕಡೆ ಧೋಬಿ ಘಾಟ್, ಇನ್ನೊಂದು ಕಡೆ ಕಣ್ಣು ಹಾಯಿಸಿದಷ್ಟೂ ರೇಸ್‌ಕೋರ್ಸ್. ಕಾಲಿಡೋಕೂ ಜಾಗ ಇಲ್ಲದ ಊರಲ್ಲಿ ಇದು ಹೇಗೆ ಉಳೀತು?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಕಾಲಕ್ಕೆ ಅದು ಯಾರಿಗೂ ಬೇಡದ ಜಾಗ. ವರ್ಲಿ ಕಡೆಯಿಂದ ಸಮುದ್ರ ಒಳಗೆ ನುಗ್ಗಿ ಆ ತಗ್ಗೆಲ್ಲ ಜೌಗಾಗುತ್ತಿತ್ತು. 1780ರ ದಶಕದಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಅನ್ನೋ ಕಟ್ಟೆ ಹಾಕಿದ ಮೇಲೆ ನೀರು ನಿಂತಿತು, ಆದರೂ ಮನೆ ಕಟ್ಟೋಕೆ ಯಾರೂ ಮುಗಿಬೀಳಲಿಲ್ಲ. ಆಗ ರೇಸು ನಡೀತಿದ್ದದ್ದು ಮುಂಬೈಯ ಇನ್ನೊಂದು ಬಡಾವಣೆ ಬೈಕುಲ್ಲಾದಲ್ಲಿ, ಓಡುತ್ತಿದ್ದವು ಜಾಸ್ತಿ ಅರಬ್ಬಿ ಕುದುರೆಗಳು, ಹಡಗಲ್ಲಿ ಬಂದವು. ಮಹಾಲಕ್ಷ್ಮಿಗೆ ಬಂದಿದ್ದು 1883ರಲ್ಲಿ. ಮೆಲ್ಬರ್ನಿನ ಕಾಲ್‌ಫೀಲ್ಡ್ ಮೈದಾನ ನೋಡಿಕೊಂಡು ನಕ್ಷೆ ಮಾಡಿದರಂತೆ. ಅಲ್ಲಿ ರೇಸು ನಡೆಸೋ ಕ್ಲಬ್ಬಿಗೆ 1935ರಲ್ಲಿ ‘ರಾಯಲ್’ ಅನ್ನೋ ಬಿರುದು ಸಿಕ್ಕಿತು. ರಾಜ ಹೋಗಿ ಎಷ್ಟೋ ಕಾಲವಾಯ್ತು, ಬಿರುದು ಮಾತ್ರ ಬೋರ್ಡಿನ ಮೇಲೆ ಹಾಗೇ ಇದೆ! 1943ರಲ್ಲಿ ಇಂಡಿಯನ್ ಡರ್ಬಿ ಅನ್ನೋ ದೊಡ್ಡ ರೇಸನ್ನು ಮೊದಲ ಸಲ ಓಡಿಸಿದರು, ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಅನ್ನೋ ಹೆಣ್ಣು ಕುದುರೆ. ಈಗಲೂ ಫೆಬ್ರವರಿಯಲ್ಲಿ ಡರ್ಬಿ ಅಂದರೆ ಟೋಪಿ ಹಾಕ್ಕೊಂಡು ಫೋಟೋ ತೆಗೆಸಿಕೊಳ್ಳೋಕೇ ಬರೋರು ಬೇಕಾದಷ್ಟು.

ಉಳಿದದ್ದು ಲೀಸ್ ಕಾಗದದ ದೆಸೆಯಿಂದ. 1914ರಲ್ಲಿ ಜಾಗವನ್ನು ಕ್ಲಬ್ಬಿಗೆ 99 ವರ್ಷಕ್ಕೆ ಬರೆದುಕೊಟ್ಟಿದ್ದರು, 2013ಕ್ಕೆ ಮುಗೀತು. ಆಮೇಲೆ ಶುರುವಾಯ್ತು ಜಗ್ಗಾಟ. ಕೊನೆಗೆ 2024ರಲ್ಲಿ 211 ಎಕರೆಯಲ್ಲಿ 120 ಎಕರೆ ಸಾರ್ವಜನಿಕ ಪಾರ್ಕಿಗೆ, 91 ಎಕರೆ ಕ್ಲಬ್ಬಿಗೆ ಅಂತ ಪಾಲಾಯಿತು. ಕುದುರೆ ಇಲ್ಲದೇ ಇದ್ದಿದ್ದರೆ ಅಲ್ಲಿ ಪಾರ್ಕಲ್ಲ, ಐವತ್ತು ಮಹಡಿ ಕಟ್ಟಡಗಳು ಎದ್ದಿರುತ್ತಿದ್ದವು ಅನ್ನೋದು ನನ್ನ ಲೆಕ್ಕ. ನಮ್ಮ ಬೆಂಗಳೂರಿನ ರೇಸ್‌ಕೋರ್ಸಿನದೂ ಹೆಚ್ಚುಕಮ್ಮಿ ಇದೇ ಗೋಳು, ಅದರ ಲೀಸ್ 2009ಕ್ಕೇ ಮುಗಿದಿದೆ.

ಪ್ರಶ್ನೆ: ಮಟ್ಕಾ ಆಡಿದರೆ ಪೊಲೀಸರು ಹಿಡೀತಾರೆ, ರೇಸಿಗೆ ದುಡ್ಡು ಕಟ್ಟಿದರೆ ಸುಮ್ನೆ ಬಿಡ್ತಾರೆ. ಇದ್ಯಾವ ನ್ಯಾಯ?
– ಇನ್ನೊಬ್ಬರು, ತುಮಕೂರು

ಉತ್ತರ: ಮದ್ರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು: ರೇಸು ಬರೀ ಅದೃಷ್ಟದ ಆಟವಲ್ಲ, ಮುಖ್ಯವಾಗಿ ಜಾಣ್ಮೆಯದು. ಕುದುರೆಯ ತಳಿ, ಜಾಕಿ, ಹೊತ್ತ ತೂಕ, ಹಿಂದಿನ ಓಟ, ಇದೆಲ್ಲ ತೂಗಿ ನೋಡಿ ದುಡ್ಡು ಕಟ್ಟಬೇಕು ಅನ್ನೋದು ಅದರ ಹಿಂದಿನ ವಾದ. ಅದೂ ಮೈದಾನದೊಳಗೆ, ಲೈಸೆನ್ಸ್ ಇದ್ದವರ ಹತ್ತಿರ ಮಾತ್ರ. ಬೀದಿ ಬುಕ್ಕಿಗೆ ಕೊಟ್ಟರೆ ನಿಮ್ಮನ್ನೂ ಹಿಡೀತಾರೆ. ಅಂದಹಾಗೆ ನೀವು ತುಮಕೂರಿನವರು, ಟಿಪ್ಪು ಕಾಲದ ಕುಣಿಗಲ್ ಕುದುರೆ ಫಾರಂ ನಿಮ್ಮ ಜಿಲ್ಲೆಯಲ್ಲೇ ಇದೆ, ನೋಡಿದ್ದೀರಾ?