ಸಭಾಕೋಣೆಯ ಹೊಸ ಫೋನಿಗೆ ಜೀವವಿಲ್ಲ

ಪ್ರಶ್ನೆ: ನಮ್ಮ ಕಾಫಿ ಬೆಳೆಗಾರರ ಸಂಘದ ಸಭಾಕೋಣೆಗೆ ಇಂಟರ್ನೆಟ್ ಮೂಲಕ ನಡೆಯುವ ಕಾನ್ಫರೆನ್ಸ್ ಫೋನ್ ತಂದಿದ್ದೇವೆ. ಪೆಟ್ಟಿಗೆಯಲ್ಲಿ ಅಡಾಪ್ಟರ್ ಇರಲಿಲ್ಲ. ನೆಟ್‌ವರ್ಕ್ ಕೇಬಲ್ ಜೋಡಿಸಿದರೂ ಪರದೆ ಬೆಳಗುತ್ತಿಲ್ಲ. ಹಿಂದಿರುಗಿಸಬೇಕೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಅವಸರಪಡಬೇಡಿ, ಫೋನ್ ಕೆಟ್ಟಿರಲಾರದು. ಇಂಥ ಫೋನ್‌ಗಳಲ್ಲಿ ಹೆಚ್ಚಿನವು ನೆಟ್‌ವರ್ಕ್ ಕೇಬಲ್‌ನಿಂದಲೇ ವಿದ್ಯುತ್ ಪಡೆಯುತ್ತವೆ. ಇದಕ್ಕೆ ಪಿಒಇ (ಪವರ್ ಓವರ್ ಈಥರ್ನೆಟ್) ಎಂದು ಹೆಸರು. ಸಾಮಾನ್ಯ ನೆಟ್‌ವರ್ಕ್ ಸ್ವಿಚ್ (ಹಲವು ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ) ಕೇಬಲ್‌ಗೆ ವಿದ್ಯುತ್ ಕೊಡುವುದಿಲ್ಲ. ಪಿಒಇಗಾಗಿ ಬಂದ 2003ರ 802.3ಎಎಫ್ ಮಾನದಂಡದ ಸ್ವಿಚ್ ಪ್ರತಿ ಪೋರ್ಟ್‌ಗೆ 15.4 ವ್ಯಾಟ್‌ವರೆಗೆ ಕೊಡಬಲ್ಲದು. ನಿಮ್ಮದು ಒಂದೇ ಫೋನ್, ಹಾಗಾಗಿ ಸ್ವಿಚ್ ಬದಲಿಸದೆ, ಕೇಬಲ್‌ನ ನಡುವೆ ಸೇರಿಸಿ ವಿದ್ಯುತ್ ಕೊಡುವ ಪಿಒಇ ಇಂಜೆಕ್ಟರ್ ಎಂಬ ಸಾಧನ ಸಾಕು. ಫೋನ್ ಬೇಡುವ ಮಾನದಂಡವನ್ನು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ.

ಪರದೆ ಬೆಳಗಿದ ಮೇಲೆ ಮೆನುವಿನಲ್ಲಿ ಐಪಿ ವಿಳಾಸ ಸಿಗುತ್ತದೆ. ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಇಂಟರ್ನೆಟ್ ಫೋನ್ ಸೇವಾದಾರರು ಕೊಟ್ಟ ಎಸ್‌ಐಪಿ ಸರ್ವರ್ (ಕರೆಗಳನ್ನು ಜೋಡಿಸುವ ಸರ್ವರ್) ವಿಳಾಸ, ಬಳಕೆದಾರ ಹೆಸರು, ಗುಪ್ತಪದ ತುಂಬಿಸಿ. ಫೋನಿನೊಂದಿಗೆ ಬಂದ ಅಡ್ಮಿನ್ ಗುಪ್ತಪದವನ್ನು ಅದೇ ದಿನ ಬದಲಾಯಿಸಿ. ಇಲ್ಲದಿದ್ದರೆ ಬೇರೆಯವರು ನಿಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕರೆ ಮಾಡಬಹುದು.

ನಮ್ಮ ಕೊಡಗಿನಲ್ಲಿ ಇನ್ನೊಂದು ಮಾತು ಮುಖ್ಯ. ಮಡಿಕೇರಿಯ ಕಚೇರಿಯೊಂದರಲ್ಲಿ ಇಂಜೆಕ್ಟರನ್ನು ಯುಪಿಎಸ್‌ಗೆ ಸೇರಿಸಿ, ರೂಟರನ್ನು ಮರೆತಿದ್ದರು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕರೆಂಟು ಹೋದಾಗ ಫೋನ್ ಬೆಳಗುತ್ತಿತ್ತು, ಕರೆ ಮಾತ್ರ ಇಲ್ಲ. ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಕೋಣೆಯ ಮಾಡು (ಛಾವಣಿ) ತಗಡಿನದಾದರೆ ಮಳೆಯ ಸದ್ದನ್ನೂ ಮೈಕ್ ಹಿಡಿಯುತ್ತದೆ. ಒಳಮಾಡು (ಸೀಲಿಂಗ್) ಇರುವ ಕೋಣೆಯನ್ನೇ ಆರಿಸಿ.