ಚೀನಾದ ಮೆಷಿನ್ ಅರ್ಧ ಬೆಲೆಗೆ ಸಿಗುತ್ತಿರುವಾಗ ಜರ್ಮನ್ ಕಂಪನಿ ಬೆಲೆ ಇಳಿಸಬೇಕೆ, ಚೀನಾ ಬಿಟ್ಟು ಬರಬೇಕೆ?

ಜರ್ಮನ್ ಮೆಷಿನ್ ಕಂಪನಿಯ ಬೆಂಗಳೂರು ಕಚೇರಿಯಲ್ಲಿದ್ದೀರಿ. ಅಗ್ಗದ ಕೂಲಿ, ಸರ್ಕಾರದ ಸಬ್ಸಿಡಿ ಇಟ್ಟುಕೊಂಡು ಚೀನಾದವರು ಅರ್ಧ ಬೆಲೆಗೆ ಮಾರುತ್ತಿದ್ದಾರೆ, ಮುಖ್ಯ ಕಚೇರಿಯಲ್ಲಿ ಒಂದು ಗುಂಪು ಬೆಲೆ ಇಳಿಸಿ ಅನ್ನುತ್ತದೆ, ಇನ್ನೊಂದು ಚೀನಾ ಬಿಟ್ಟು ಬನ್ನಿ ಅನ್ನುತ್ತದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿಯಲ್ಲ.

ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸ ಕಲಿತು ಜರ್ಮನಿಗೆ ಹೋದವನು ನಾನು. ಸ್ಟುಟ್‌ಗಾರ್ಟ್ ಆಸುಪಾಸಿನಲ್ಲಿ, ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿರುವ ಕಂಪನಿಯೊಂದರಲ್ಲಿ ಲೇಸರ್ ಕಟಿಂಗ್ ಮೆಷಿನ್‌ಗಳ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೆ. ಹೆಸರು ಬೇಡ. ನೀವು ಬರೆದಿರುವ ಮಾತುಗಳನ್ನೇ ಅಲ್ಲಿನ ಮೀಟಿಂಗ್‌ಗಳಲ್ಲಿ ಕೇಳಿದ್ದೇನೆ, ನಾನೂ ಆಡಿದ್ದೇನೆ.

ಮೊದಲು ನಮ್ಮ ಕ್ಷೇತ್ರದಲ್ಲಿ ಏನಾಯಿತು ಅಂತ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಳೆಯ ಮೆಷಿನ್‌ಗಳಲ್ಲಿ ಇದ್ದದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. ಗ್ಯಾಸ್ ಹರಿದು ಲೇಸರ್ ಬೆಳಕು ಹುಟ್ಟುವ ರೆಸೊನೇಟರ್, ಅಲ್ಲಿಂದ ಕಟಿಂಗ್ ಹೆಡ್‌ವರೆಗೆ ಬೆಳಕನ್ನು ಒಯ್ಯಲು ಸಾಲು ಕನ್ನಡಿಗಳು. ಒಂದು ಕನ್ನಡಿ ಕೂದಲೆಳೆಯಷ್ಟು ಓರೆಯಾದರೂ ಕಟ್ ಕೆಡುತ್ತಿತ್ತು. ಇದನ್ನು ನೆಟ್ಟಗೆ ಮಾಡಬಲ್ಲ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ನಾವು ಅದರಲ್ಲಿ ಒಬ್ಬರು. ಆಮೇಲೆ ಫೈಬರ್ ಲೇಸರ್ ಬಂತು. ತರಂಗಾಂತರ 10.6 ಮೈಕ್ರಾನ್‌ನಿಂದ 1 ಮೈಕ್ರಾನ್ ಹತ್ತಿರಕ್ಕೆ ಇಳಿದದ್ದರಿಂದ ಬೆಳಕನ್ನು ಗಾಜಿನ ಕೇಬಲ್‌ನಲ್ಲೇ ಒಯ್ಯಬಹುದಾಯಿತು, ಕನ್ನಡಿಗಳೇ ಬೇಡವಾದವು. ಎಳೆದ ಕರೆಂಟಿನಲ್ಲಿ ಹಳೆಯದು ಸುಮಾರು 10% ಮಾತ್ರ ಬೆಳಕು ಮಾಡುತ್ತಿತ್ತು, ಇದು 30% ದಾಟಿತು. ನಾವು ಇದನ್ನು ಒಂದು ಹೊಸ ಮಾಡೆಲ್ ಎಂದಷ್ಟೇ ನೋಡಿದೆವು. ನಿಜಕ್ಕೂ ಆದದ್ದೆಂದರೆ, ನಾವು ದಶಕಗಳ ಕಾಲ ಕಷ್ಟಪಟ್ಟು ಕಲಿತ ವಿದ್ಯೆಯ ದೊಡ್ಡ ಪಾಲು ಒಂದು ಪೆಟ್ಟಿಗೆಯಲ್ಲಿ ಕೂತು ಅಂಗಡಿಯಲ್ಲಿ ಸಿಗತೊಡಗಿತು. ಲೇಸರ್ ಸೋರ್ಸ್ ಒಬ್ಬರಿಂದ, ಕಟಿಂಗ್ ಹೆಡ್ ಒಬ್ಬರಿಂದ, ಕಂಟ್ರೋಲರ್ ಮತ್ತೊಬ್ಬರಿಂದ ಕೊಂಡು, ಗಟ್ಟಿಯಾದ ಫ್ರೇಮ್ ಮಾಡಬಲ್ಲ ಯಾರೂ ಮೆಷಿನ್ ಕಟ್ಟಬಹುದಾಯಿತು.

ಚೀನಾ ಸರ್ಕಾರ 'ಮೇಡ್ ಇನ್ ಚೀನಾ 2025' ಯೋಜನೆ ಹೊರಡಿಸಿದ್ದು 2015ರಲ್ಲಿ. ಮರುವರ್ಷ ಚೀನಾದ ಮೈಡಿಯಾ ಕಂಪನಿ ಆಗ್ಸ್‌ಬರ್ಗ್‌ನ ರೋಬೋಟ್ ಕಂಪನಿ ಕೂಕಾವನ್ನು ಕೊಂಡುಕೊಂಡಿತು. ನಮ್ಮ ಕ್ಯಾಂಟೀನ್‌ನಲ್ಲಿ ವಾರಗಟ್ಟಲೆ ಅದೇ ಮಾತು. ಹೆಚ್ಚಿನವರ ಅಭಿಪ್ರಾಯ, ಸ್ವಂತ ಮಾಡಲು ಬಾರದ್ದಕ್ಕೆ ಕೊಳ್ಳುತ್ತಿದ್ದಾರೆ ಎಂದು. ಆ ವಾತಾವರಣದಲ್ಲಿ, 2017ರಲ್ಲಿ, ಆಡಳಿತ ಮಂಡಳಿ ಚೀನಾದ ಒಂದು ಮೆಷಿನ್ ತರಿಸಿ ಬಿಚ್ಚಿ ನೋಡಿ ವರದಿ ಕೊಡಲು ನನಗೆ ಹೇಳಿತು.

ಬಿಚ್ಚಿದೆವು. ಲೇಸರ್ ಸೋರ್ಸ್ ಅಮೆರಿಕದ ಐಪಿಜಿ ಕಂಪನಿಯದು, ಕಟಿಂಗ್ ಹೆಡ್ ಜರ್ಮನಿಯ ಗಾಗೆನಾವ್‌ನ ಪ್ರೆಸಿಟೆಕ್ ಕಂಪನಿಯದು, ಕಂಟ್ರೋಲರ್ ಕೂಡ ಜರ್ಮನಿಯದು. ಅವರದ್ದು ಅಂತ ಇದ್ದದ್ದು ಫ್ರೇಮ್, ಹೊದಿಕೆ, ವೈರಿಂಗ್. ಫ್ರೇಮ್‌ನ ವೆಲ್ಡಿಂಗ್ ಒರಟು, ಕೇಬಲ್ ಚೈನ್ ಅಗ್ಗದ್ದು. ಪ್ರತಿ ಬಿಡಿಭಾಗ ಎಲ್ಲಿಂದ ಬಂತು ಅಂತ ಪಟ್ಟಿ ಮಾಡಿ, ಮುಖ್ಯವಾದದ್ದೆಲ್ಲ ಹೊರಗಿನದು, ಇವರು ಜೋಡಿಸುವವರು ಮಾತ್ರ, ಇನ್ನು ಐದಾರು ವರ್ಷ ಆತಂಕವಿಲ್ಲ ಎಂದು ಬರೆದೆ.

ನನಗೆ ಕೈಕೊಟ್ಟದ್ದು ಈ ವರದಿ. ಇದರಲ್ಲಿ ಎಲ್ಲಿ ತಪ್ಪಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕಂಪನಿಯಲ್ಲೂ ಇಂಥದ್ದೊಂದು ವರದಿ ಇದ್ದೇ ಇರುತ್ತದೆ.

ಪಟ್ಟಿಯಲ್ಲಿ ಸುಳ್ಳಿರಲಿಲ್ಲ. ಆದರೆ ಆ ಪಟ್ಟಿ ಒಂದು ದಿನದ ಸ್ಥಿತಿ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕಿತ್ತು: ಈ ಭಾಗವನ್ನು ಚೀನಾದಲ್ಲಿ ಈಗ ಯಾರು ಮಾಡುತ್ತಿದ್ದಾರೆ, ಎಷ್ಟರಮಟ್ಟಿಗೆ ಬಂದಿದ್ದಾರೆ, ಒಂದು ವರ್ಷದಲ್ಲಿ ಬೆಲೆ ಎಷ್ಟು ಇಳಿದಿದೆ? ಆ ಕಾಲಂ ಇದ್ದಿದ್ದರೆ ವುಹಾನ್‌ನ ರೇಕಸ್ ಮತ್ತು ಶೆನ್‌ಜೆನ್‌ನ ಮ್ಯಾಕ್ಸ್‌ಫೋಟಾನಿಕ್ಸ್ ಲೇಸರ್ ಸೋರ್ಸ್‌ನಲ್ಲೂ, ಶಾಂಘೈನ ಫ್ರೆಂಡೆಸ್ ಕಂಟ್ರೋಲರ್‌ನಲ್ಲೂ ಅಷ್ಟರಲ್ಲೇ ಬೆಳೆದು ನಿಂತಿದ್ದು ಕಣ್ಣಿಗೆ ಬೀಳುತ್ತಿತ್ತು. ಮೂರೂ ಗುಟ್ಟಿನ ಕಂಪನಿಗಳಲ್ಲ. ರೇಕಸ್ 2018ರಲ್ಲಿ, ಫ್ರೆಂಡೆಸ್ 2019ರಲ್ಲಿ ಷೇರುಪೇಟೆಗೇ ಬಂದವು. ವುಹಾನ್‌ಗೆ ಒಂದು ಟಿಕೆಟ್ ತೆಗೆದಿದ್ದರೆ ಸಾಕಿತ್ತು.

ಎರಡನೆಯದು, ನಾನು ಇಟ್ಟ ಪರೀಕ್ಷೆ. 20 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟ್ ಕತ್ತರಿಸಿ ಅಂಚು ಹೋಲಿಸಿದೆ, ಏಕೆಂದರೆ ನಮ್ಮ ಮೆಷಿನ್ ಮಿಂಚುವುದು ಅಲ್ಲೇ. ಆದರೆ ಆ ಮೆಷಿನ್ ಕೊಳ್ಳುವವರಲ್ಲಿ ಬಹುಪಾಲು ಜನ ದಿನವಿಡೀ ಕತ್ತರಿಸುವುದು ಒಂದರಿಂದ ಆರು ಮಿಲಿಮೀಟರ್ ಶೀಟ್. ನಮ್ಮ ನಿಖರತೆ 0.03 ಮಿಲಿಮೀಟರ್, ಅವರದು 0.05, ನಾವೇ ಮೇಲು ಎಂದು ದಪ್ಪಕ್ಷರದಲ್ಲಿ ಬರೆದೆ. ಆ ಶೀಟ್ ಮುಂದೆ ಬೆಂಡಿಂಗ್‌ಗೆ, ವೆಲ್ಡಿಂಗ್‌ಗೆ ಹೋಗುತ್ತದೆ, ಅಲ್ಲಿ ಒಂದೆರಡು ದಶಾಂಶ ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲು. ಪೀಣ್ಯದಲ್ಲಿ ಶೀಟ್ ಬಗ್ಗಿಸುವ ಪ್ರೆಸ್ ಬ್ರೇಕ್ ಮುಂದೆ ನಿಂತವನಿಗೆ ಇದು ಗೊತ್ತಿರದ ವಿಷಯವಲ್ಲ. ಬರೆಯುವಾಗ ಅದು ನನ್ನ ಲೆಕ್ಕಕ್ಕೇ ಬರಲಿಲ್ಲ, ಯಾಕೆಂದರೆ ನಾನು ಅಳೆಯುತ್ತಿದ್ದದ್ದು ನಮ್ಮ ಹೆಮ್ಮೆಯನ್ನು, ಗ್ರಾಹಕನ ಕೆಲಸವನ್ನಲ್ಲ.

ಆಗ ಮಂಡಳಿಯ ಮುಂದೆ ಎರಡು ಪ್ರಸ್ತಾವಗಳಿದ್ದವು. ಚೀನಾದಲ್ಲೇ, ಚೀನಾದ ಇಂಜಿನಿಯರ್‌ಗಳಿಂದ ಸರಳವಾದ ಒಂದು ಮೆಷಿನ್ ಮಾಡಿಸುವುದು ಒಂದು. ಶೀಟ್ ಸ್ಟೋರೇಜ್ ಟವರ್, ಆಟೊಮೇಷನ್ ಎಲ್ಲ ಸೇರಿದ ಅತಿ ದುಬಾರಿ ಮಾಡೆಲ್ ಇನ್ನೊಂದು. ನನ್ನ ವರದಿ ಓದಿ ಮೊದಲನೆಯದನ್ನು ಬದಿಗಿಟ್ಟರು. 2022ರಲ್ಲಿ ಹ್ಯಾನೋವರ್‌ನ ಯೂರೋಬ್ಲೆಕ್ ಶೀಟ್ ಮೆಟಲ್ ಮೇಳಕ್ಕೆ ಹೋದಾಗ ಚೀನಾದವರ ಸ್ಟಾಲ್‌ನಲ್ಲಿದ್ದ ಮೆಷಿನ್‌ಗಳಲ್ಲಿ ಸೋರ್ಸ್‌ನಿಂದ ಸಾಫ್ಟ್‌ವೇರ್‌ವರೆಗೆ ಎಲ್ಲ ಅವರದ್ದೇ. ಫ್ರೇಮ್‌ನ ವೆಲ್ಡಿಂಗ್ ಬಗ್ಗಿ ನೋಡಿದೆ, ಒರಟುತನ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ನಮ್ಮ ಅಸೆಂಬ್ಲಿ ಹಾಲ್‌ನಲ್ಲಿ ಒಂದು ಪಾಳಿ ನಿಂತಿತ್ತು. ನನ್ನ ಹುದ್ದೆಯೂ ಆಮೇಲೆ ಹೋಯಿತು.

ಕೋವಿಡ್ ಕಾಲದಲ್ಲಿ ನಮ್ಮವರು ಯಾರೂ ಚೀನಾಕ್ಕೆ ಕಾಲಿಟ್ಟಿರಲಿಲ್ಲ. 2023ರಲ್ಲಿ ಗಡಿ ತೆರೆದ ಮೇಲೆ ಫೋಶಾನ್‌ನ ಒಂದು ವರ್ಕ್‌ಶಾಪ್‌ಗೆ ಹೋದೆವು. ಹೋಟೆಲ್ ಅಡುಗೆಮನೆಗೆ ಸ್ಟೀಲ್ ಸಿಂಕ್, ಟೇಬಲ್ ಮಾಡುವ ಜಾಗ, ಮಾಲೀಕರು ಒಬ್ಬ ಹೆಂಗಸು. ಮೂಲೆಯಲ್ಲಿ ನಮ್ಮ ಹಳೆಯ ಮೆಷಿನ್, ನಡುವೆ ಚೀನಾದ ಹೊಸವು. ಸ್ಟೀಲ್ ಶೀಟ್ ಮೇಲೆ ಗೀರು ಬೀಳದಿರಲಿ ಅಂತ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿರುತ್ತಾರಲ್ಲ, ಲೇಸರ್ ತೂತು ಹೊಡೆಯುವಾಗ ಅದು ಗುಳ್ಳೆ ಎದ್ದು ಕಟ್ ಹಾಳಾಗುತ್ತದೆ. ನಮ್ಮ ಮೆಷಿನ್ ಇದಕ್ಕೆ ಇಡೀ ಆಕಾರವನ್ನು ಒಮ್ಮೆ ಮೆಲ್ಲಗೆ ಸುಟ್ಟು, ಮತ್ತೆ ಅದೇ ದಾರಿಯಲ್ಲಿ ಕತ್ತರಿಸುತ್ತಿತ್ತು. ಎರಡು ಪಟ್ಟು ಹೊತ್ತು. ತೂತು ಬೀಳುವ ಕಡೆ, ಸಣ್ಣ ರಂಧ್ರಗಳ ಸುತ್ತ ಮಾತ್ರ ಸುಟ್ಟರೆ ಸಾಲದೆ ಎಂದು ಆಕೆ ನಮ್ಮನ್ನು ಕೇಳಿದ್ದರು. ಮುಂದಿನ ಸಾಫ್ಟ್‌ವೇರ್ ರಿಲೀಸ್‌ನಲ್ಲಿ ಪರಿಶೀಲಿಸುತ್ತೇವೆ ಎಂಬ ಉತ್ತರ ಹೋಗಿತ್ತು. ಅದೇ ಮಾತನ್ನು ಚೀನಾದ ಕಂಪನಿಗೆ ಹೇಳಿದಾಗ ಏನಾಯಿತು ಎಂದು ಆಕೆ ಫೋನ್ ತೆಗೆದು, ನಮ್ಮ ವಾಟ್ಸಾಪ್‌ನಂಥ ವೀಚಾಟ್‌ನ ಗ್ರೂಪ್ ತೋರಿಸಿದರು. ಸೇಲ್ಸ್‌ನವನು, ಸರ್ವಿಸ್‌ನವನು, ಸಾಫ್ಟ್‌ವೇರ್ ಬರೆಯುವ ಹುಡುಗ, ಮೂವರೂ ಅದೇ ಗ್ರೂಪ್‌ನಲ್ಲಿ. ಸಂಜೆ ಈಕೆ ವಿಡಿಯೊ ಹಾಕಿದ್ದಾರೆ, ಮರುದಿನ ಹುಡುಗ ವರ್ಕ್‌ಶಾಪ್‌ಗೇ ಬಂದು ಕೂತಿದ್ದಾನೆ, ಅದರ ಮರುದಿನ ಹೊಸ ವರ್ಷನ್ ಬಂದಿದೆ.

ಇದು ಅಗ್ಗದ ಕೂಲಿಯ ಕಥೆಯೇ? ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಅಳವಡಿಸಿದ ಕೈಗಾರಿಕಾ ರೋಬೋಟ್‌ಗಳಲ್ಲಿ 51% ಚೀನಾದಲ್ಲೇ. 10,000 ಕಾರ್ಮಿಕರಿಗೆ ಅಲ್ಲಿ 470 ರೋಬೋಟ್, ಜರ್ಮನಿಯಲ್ಲಿ 429. ಸಬ್ಸಿಡಿ ಇರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮರುದಿನ ಬಂದು ಕೂತ ಆ ಹುಡುಗನನ್ನು ಸಬ್ಸಿಡಿ ಕಳಿಸಿರಲಿಲ್ಲ.

ಆದ್ದರಿಂದ ಬೆಲೆ ಇಳಿಸುವ ಮಾತು ಬಿಡಿ. ನಾವು ಅದನ್ನೂ ಮಾಡಿದೆವು. ಜರ್ಮನ್ ಮೆಷಿನ್‌ನಿಂದ ಅದನ್ನು ಕಿತ್ತು, ಇದನ್ನು ಕಿತ್ತು ಒಂದು ಅಗ್ಗದ ಮಾಡೆಲ್ ತಂದೆವು. ಚೀನಾದವರಿಗಿಂತ ಆಗಲೂ ದುಬಾರಿ, ನಮ್ಮ ಹಳೆಯ ಗ್ರಾಹಕರಿಗೆ ಕಳಪೆ. ಕಾಸು ಉಳಿಸಲು ಸರ್ವಿಸ್ ಜನರನ್ನೂ ಕಡಿಮೆ ಮಾಡಿದ್ದರಿಂದ ಇದ್ದ ಒಂದು ಬಲವೂ ಹೋಯಿತು.

ಬಿಟ್ಟು ಬರುವುದು ಇನ್ನೂ ಕೆಟ್ಟದ್ದು. ಆ ಕಂಪನಿಗಳು ಟರ್ಕಿಗೆ, ಪೋಲೆಂಡ್‌ಗೆ, ನಮ್ಮ ಪೀಣ್ಯಕ್ಕೆ ಬಂದೇ ಬರುತ್ತವೆ. ಅಲ್ಲಿ ಕಲಿಯದವರು ಇಲ್ಲಿ ಮೊದಲ ಸಲ ಅವರನ್ನು ಎದುರಿಸುತ್ತಾರೆ. ಸುಂಕ ಹಾಕಿದರೆ? ಯುರೋಪಿಯನ್ ಒಕ್ಕೂಟ 2024ರ ಅಕ್ಟೋಬರ್‌ನಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ, ಮೊದಲೇ ಇದ್ದ 10%ರ ಜೊತೆಗೆ, ಬಿವೈಡಿ ಕಂಪನಿಗೆ 17%, ಸಾಯಿಕ್ ಕಂಪನಿಗೆ 35.3% ಹೇರಿತು. ಬಿವೈಡಿ ಅದಕ್ಕೂ ಮೊದಲೇ, 2023ರ ಕೊನೆಯಲ್ಲೇ, ಹಂಗೆರಿಯ ಸೆಗೆಡ್‌ನಲ್ಲಿ ಫ್ಯಾಕ್ಟರಿ ಕಟ್ಟುವುದಾಗಿ ಹೇಳಿಯಾಗಿತ್ತು. ಸುಂಕದಿಂದ ಸಮಯ ಸಿಗುತ್ತದೆ, ಅಷ್ಟೇ.

ನನ್ನ ಪ್ರಕಾರ ಯುರೋಪಿನಲ್ಲಿ ಇದನ್ನು ಸರಿಯಾಗಿ ಗ್ರಹಿಸಿದ್ದು ಫ್ರಾನ್ಸ್‌ನ ಕಾರು ಕಂಪನಿ ರೆನೋ. 2020ರಲ್ಲಿ ಅದು ಚೀನಾದ ಡಾಂಗ್‌ಫೆಂಗ್ ಕಂಪನಿ ಜೊತೆಗಿನ ಪಾಲುದಾರಿಕೆ ಬಿಟ್ಟು ಚೀನಾದ ಪೆಟ್ರೋಲ್ ಕಾರು ವ್ಯಾಪಾರದಿಂದ ಹೊರಬಂತು. ಸೋತು ಬಂತು ಅಂತಲೇ ಎಲ್ಲರೂ ಅಂದರು. ಆಮೇಲೆ ಶಾಂಘೈಯಲ್ಲಿ ಒಂದು ಡೆವಲಪ್‌ಮೆಂಟ್ ಕೇಂದ್ರ ತೆರೆದು, ಹೊಸ ಎಲೆಕ್ಟ್ರಿಕ್ ಟ್ವಿಂಗೊ ಕಾರಿನ ಇಂಜಿನಿಯರಿಂಗ್‌ನ ದೊಡ್ಡ ಪಾಲನ್ನು ಅಲ್ಲಿ ಮಾಡಿಸಿ, ಎರಡು ವರ್ಷದೊಳಗೆ ಮುಗಿಸಿತು. ಕಾರು ತಯಾರಾಗುವುದು ಸ್ಲೊವೇನಿಯಾದ ನೊವೊ ಮೆಸ್ಟೊದಲ್ಲಿ, ಬೆಲೆ 20,000 ಯೂರೊ ಒಳಗೆ. ಅಂದರೆ ಮಾರುವುದಕ್ಕಲ್ಲ, ಕಲಿಯುವುದಕ್ಕೇ ಚೀನಾಕ್ಕೆ ಹೋಯಿತು. ಫೋಕ್ಸ್‌ವ್ಯಾಗನ್ 1984ರಲ್ಲಿ ಚೀನಾಕ್ಕೆ ಕಾರು ಮಾಡಲು ಕಲಿಸಲು ಹೋದ ಕಂಪನಿ. 2023ರಲ್ಲಿ ಅದೇ ಕಂಪನಿ 70 ಕೋಟಿ ಡಾಲರ್ ಕೊಟ್ಟು ಚೀನಾದ ಎಲೆಕ್ಟ್ರಿಕ್ ಕಾರು ಕಂಪನಿ ಶಾವೊಪೆಂಗ್‌ನ (ಎಕ್ಸ್‌ಪೆಂಗ್) ಸುಮಾರು 5% ಪಾಲು ಕೊಂಡು, ಅವರ ತಂತ್ರಜ್ಞಾನದಲ್ಲಿ ಚೀನಾಕ್ಕೆ ಕಾರು ಮಾಡಲು ಒಪ್ಪಿತು. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ, ನನಗೆ ಹಾಗನ್ನಿಸುವುದಿಲ್ಲ. ಸ್ವೀಡನ್‌ನ ನಾರ್ತ್‌ವೋಲ್ಟ್ ಬ್ಯಾಟರಿ ಕಾರ್ಖಾನೆಗೆ ಚೀನಾದ ಮೆಷಿನ್‌ಗಳನ್ನು ತರಿಸಿತು, ಅವುಗಳಿಂದ ಒಳ್ಳೆಯ ಸೆಲ್‌ಗಳನ್ನು ಬೇಕಾದಷ್ಟು ಹೊರತರಲು ಆಗಲಿಲ್ಲ, 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮೆಷಿನ್ ಕೊಂಡರೆ ಅದನ್ನು ಓಡಿಸಿ ಪಳಗಿದ ಕೈ ಜೊತೆಗೆ ಬರುವುದಿಲ್ಲ.

ನಮ್ಮ ಕಂಪನಿ ತಡವಾಗಿಯಾದರೂ ಬದಲಾಯಿತು. ಬದಿಗಿಟ್ಟಿದ್ದ ಪ್ರಸ್ತಾವವನ್ನು ಮತ್ತೆ ತೆಗೆದರು. ಚೀನಾದ ತಂಡಕ್ಕೆ ಜರ್ಮನಿಯ ಸಹಿಗೆ ಕಾಯದೆ ಬಿಡಿಭಾಗ ಆರಿಸುವ, ಸಾಫ್ಟ್‌ವೇರ್ ಬಿಡುಗಡೆ ಮಾಡುವ ಅಧಿಕಾರ ಕೊಟ್ಟರು. ಜರ್ಮನಿಯವರು ತಮ್ಮ ಬಳಿ ಇಟ್ಟುಕೊಂಡದ್ದು ಸುರಕ್ಷತೆ ಮತ್ತು ಮೆಷಿನ್ ಬಹುಕಾಲ ಓಡಿಸಿ ನೋಡುವ ಲಾಂಗ್ ರನ್ ಟೆಸ್ಟ್ ಮಾತ್ರ. ಒಂದು ಷರತ್ತು ಇತ್ತು: ಕಟಿಂಗ್ ಹೆಡ್ ಕೂರಿಸುವ ಫಿಕ್ಸಿಂಗ್ ಚೀನಾದ ಹೆಡ್‌ಗೂ ಜರ್ಮನಿಯ ಹೆಡ್‌ಗೂ ಹೊಂದಬೇಕು. ಅದಕ್ಕಾಗಿ ಎಷ್ಟು ಜಗಳ ನಡೆಯಿತೋ! ಆದರೆ 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿ, ಯುರೋಪಿನ ಕೆಲವು ಆಟೊ ಬಿಡಿಭಾಗ ಘಟಕಗಳು ಅವುಗಳಿಂದ ಮಾಡುವ ಮ್ಯಾಗ್ನೆಟ್ ಇಲ್ಲದೆ ನಿಂತಾಗ ಆ ಷರತ್ತು ಯಾಕೆ ಅಂತ ಎಲ್ಲರಿಗೂ ತಿಳಿಯಿತು. ಒಂದೇ ಕಡೆಯಿಂದ ಬರುವ ಭಾಗ ಮೆಷಿನ್‌ನಲ್ಲಿ ಒಂದೂ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಅದು ಚೀನಾದಿಂದ ಬರಲಿ, ಜರ್ಮನಿಯಿಂದ ಬರಲಿ.

ಇನ್ನು ನಿಮ್ಮ ವಿಷಯ. ಯಾರ ಪರ ಮಾತಾಡಲಿ ಎಂದು ಕೇಳುವ ಸ್ಥಿತಿಯಲ್ಲಿ ನೀವಿಲ್ಲ, ಅದಕ್ಕಿಂತ ಒಳ್ಳೆಯ ಜಾಗದಲ್ಲಿದ್ದೀರಿ. ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಫಾರ್ಮಿಂಗ್ ಮೆಷಿನ್ ಮೇಳ ನಡೆಯುವಾಗ ನಿಮ್ಮ ಸ್ಟಾಲ್‌ನಲ್ಲಿ ನಿಂತಿರಬೇಡಿ, ಚೀನಾದ ಮೆಷಿನ್ ಮುಂದೆ ನಿಂತ ಪೀಣ್ಯ, ಬೊಮ್ಮಸಂದ್ರದ ಮಾಲೀಕರು ಏನು ಕೇಳುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳಿ. ಆಮೇಲೆ ಅವರ ವರ್ಕ್‌ಶಾಪ್‌ಗೆ ಹೋಗಿ. ಮಾಲೀಕರಿಗಿಂತ ಆಪರೇಟರ್ ಜೊತೆ ಹೆಚ್ಚು ಹೊತ್ತು ಕೂರಿ. 2020ರ ನಂತರ ಕೆಲವು ವರ್ಷ ಚೀನಾದ ಇಂಜಿನಿಯರ್‌ಗಳಿಗೆ ಭಾರತದ ವೀಸಾ ಸಿಗುವುದು ಕಷ್ಟವಾಗಿತ್ತು. ಈಗ ಅದು ಸಡಿಲವಾಗಿದ್ದರೂ ಫೋಶಾನ್‌ನಲ್ಲಿ ಮರುದಿನ ಬಂದು ಕೂತ ಆ ಹುಡುಗ ಪೀಣ್ಯಕ್ಕೆ ಮರುದಿನವೇ ಬರಲಾರ. ನಿಮ್ಮ ಸಾಫ್ಟ್‌ವೇರ್ ತಂಡ ಬೆಂಗಳೂರಿನಲ್ಲೇ ಇದೆ. ಮುಖ್ಯ ಕಚೇರಿಗೆ ಬರೆಯುವ ಮೇಲ್‌ನಲ್ಲಿ ಡಿಸ್ಕೌಂಟ್ ಕೇಳಬೇಡಿ. ಭಾರತದ ಗ್ರಾಹಕರು ಕೇಳಿದ ಸಣ್ಣ ಬದಲಾವಣೆಗಳನ್ನು ಬೆಂಗಳೂರಿನಿಂದಲೇ, ಜರ್ಮನಿಯ ರಿಲೀಸ್ ಕ್ಯಾಲೆಂಡರ್‌ಗೆ ಕಾಯದೆ ಬಿಡುಗಡೆ ಮಾಡಲು ಅನುಮತಿ ಕೇಳಿ. ಮೊದಲು ಒಂದೇ ಮಾಡೆಲ್‌ಗೆ, ಪೀಣ್ಯದ ನಾಲ್ಕಾರು ಗ್ರಾಹಕರಿಗೆ ಸಾಕು. ಅವರ ಹೆಸರು, ಪ್ರತಿಯೊಬ್ಬರೂ ಕೇಳಿದ ಬದಲಾವಣೆ, ನಿಮ್ಮವರು ಕೊಟ್ಟ ಉತ್ತರ, ಉತ್ತರಕ್ಕೆ ಹಿಡಿದ ಸಮಯ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಆ ಮೇಲ್‌ಗೆ ಲಗತ್ತಿಸಿ.